ಕಿಟಕಿಗೆ ಪರದೆ ಯಾರು ಹಾಕಬೇಕು?

ಹೊಸ ಮನೆ ಹೊಕ್ಕವರು ಬೆಳಿಗ್ಗೆ ಹಾಲು ಉಕ್ಕಿಸುತ್ತಾರೆ. ನೆಂಟರಿಷ್ಟರು ಬಂದು ಉಂಡು, ಮನೆಯನ್ನು ಮೆಚ್ಚಿ ಹೊರಟುಹೋಗುತ್ತಾರೆ. ಸಂಜೆ ದೀಪ ಹಾಕಿದಾಗ ಮನೆಯವರ ಗಮನಕ್ಕೆ ಬರುವುದು ಕಿಟಕಿ. ಹಗಲೆಲ್ಲ ಗಾಳಿ ಬೆಳಕು ತಂದು ಹಿತವಾಗಿದ್ದ ಅದೇ ಕಿಟಕಿ, ಕತ್ತಲಾಗುತ್ತಿದ್ದಂತೆ ಎದುರುಮನೆಯವರ ಪಾಲಿಗೆ ದೀಪ ಹಚ್ಚಿದ ರಂಗಸ್ಥಳವಾಗಿಬಿಡುತ್ತದೆ. ಪರದೆಯ ಬಟ್ಟೆ ಇನ್ನೂ ತಂದಿರುವುದಿಲ್ಲ. ಗಂಟುಮೂಟೆಯಿಂದ ಒಂದು ಹಳೆಯ ಸೀರೆಯನ್ನೋ ಪಂಚೆಯನ್ನೋ ಹುಡುಕಿ ತೆಗೆದು, ಎರಡು ಮೊಳೆಗೆ ದಾರ ಬಿಗಿದು ಇಳಿಬಿಟ್ಟ ಮೇಲೆಯೇ ಮನೆಯ ಹೆಂಗಸರಿಗೆ ನಿರಾಳ. ಮನೆ ‘ನಮ್ಮದು’ ಅನ್ನಿಸುವುದು ಆಗಲೇ.

ಮರುದಿನ ಪೇಟೆಗೆ ಹೋಗಿ ಬಟ್ಟೆ ಆರಿಸುವಾಗ ಬಣ್ಣ, ಹೂಬಳ್ಳಿ, ಬೆಲೆ ಎಲ್ಲವನ್ನೂ ಚರ್ಚಿಸುತ್ತೇವೆ. ಆದರೆ ಈ ಖರ್ಚು ನಮ್ಮದೇ ಏಕೆ ಎಂದು ಯಾರೂ ಕೇಳುವುದಿಲ್ಲ. ನಮ್ಮ ಮನೆಯ ಮಾನ ನಮ್ಮದು, ಮುಚ್ಚಿಕೊಳ್ಳಬೇಕಾದವರು ನಾವು ಎಂದು ಒಪ್ಪಿಬಿಟ್ಟಿದ್ದೇವೆ. ಈ ಒಪ್ಪಿಗೆ ಅಷ್ಟೇನೂ ಹಳೆಯದಲ್ಲ. ಕಿಟಕಿ ತೆರೆಯುವವನೇ ಹುಷಾರಾಗಿರಬೇಕೋ, ಕಾಣಿಸಿಕೊಳ್ಳುವವರೇ ಪರದೆ ಎಳೆದುಕೊಳ್ಳಬೇಕೋ ಎಂಬ ಪ್ರಶ್ನೆಗೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ. 2023ರಲ್ಲಿಯೂ ಲಂಡನ್ನಿನ ಅತ್ಯುನ್ನತ ನ್ಯಾಯಾಲಯ ಇದೇ ಪ್ರಶ್ನೆಗೆ ಉತ್ತರ ಹೇಳಬೇಕಾಯಿತು. ಪರದೆಯ ಬಟ್ಟೆ ಆರಿಸುವ ಮೊದಲು ಈ ಇತಿಹಾಸವನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು.

ಗಾಳಿಯ ದಾರಿ, ಎತ್ತಿನ ಕಣ್ಣು

ಕಿಟಕಿಗೆ ನಮ್ಮಲ್ಲಿರುವ ಹೆಸರುಗಳೇ ಅದರ ಕೆಲಸವನ್ನು ಹೇಳುತ್ತವೆ. ಸಂಸ್ಕೃತದ ‘ವಾತಾಯನ’ವೆಂದರೆ ಗಾಳಿಯ ದಾರಿ. ಕನ್ನಡದ ‘ಬೆಳಕಿಂಡಿ’ ಬೆಳಕು ಬರುವ ಕಿಂಡಿ. ‘ಜಾಲಂದ್ರ’ ಬಲೆಯಂತೆ ರಂಧ್ರಗಳಿರುವುದು. ‘ಗವಾಕ್ಷ’ ಮಾತ್ರ ಎತ್ತಿನ ಕಣ್ಣು. ಅಲ್ಲಿ ನೋಟದ ಮಾತು ಬರುತ್ತದೆ. ಉತ್ತರದ ‘ಖಿಡಕಿ’ಯ ನಂಟಿನ ‘ಕಿಟಕಿ’ ಇವುಗಳನ್ನೆಲ್ಲ ಹಿಂದಕ್ಕೆ ಸರಿಸಿ ಮನೆಮಾತಾಗಿದೆ. ಅದಕ್ಕೆ ನಾವು ತೊಡಿಸುವ ‘ಪರದೆ’ ಪಾರಸಿಯಿಂದ ಬಂದದ್ದು.

ಗಾಳಿ, ಬೆಳಕು, ನೋಟ ಇವು ಕಿಟಕಿಯ ಮೂರು ಕೆಲಸಗಳು. ಮೊದಲ ಎರಡರಿಂದ ಜಗಳ ಕಡಿಮೆ. ಮೂರನೆಯದರದ್ದೇ ತಕರಾರು. ಗಾಳಿ ಬೆಳಕು ಒಳಗೆ ಬರಬೇಕು, ನಮ್ಮ ನೋಟ ಹೊರಗೆ ಹೋಗಬೇಕು, ಪರರ ನೋಟ ಮಾತ್ರ ಒಳಗೆ ಬರಬಾರದು. ಒಂದೇ ತೂತಿನಿಂದ ಇಷ್ಟೆಲ್ಲವನ್ನೂ ಸಾಧಿಸುವುದು ಹೇಗೆ? ಮನೆ ಕಟ್ಟುವವರು, ಶಿಲ್ಪಿಗಳು, ನೇಕಾರರು, ಶಾಸ್ತ್ರಕಾರರು ಎಲ್ಲರೂ ಇದಕ್ಕೆ ತಮ್ಮ ತಮ್ಮ ಉತ್ತರ ಕೊಟ್ಟಿದ್ದಾರೆ.

ಕೌಟಿಲ್ಯನ ದಂಡ

ಈ ಉತ್ತರಗಳಲ್ಲಿ ಬಹು ಹಳೆಯದೊಂದು ದೊರೆತದ್ದು ಮೈಸೂರಿನಲ್ಲಿ. ಓರಿಯೆಂಟಲ್ ಲೈಬ್ರರಿಯ ಪಂಡಿತ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಒಂದು ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ರಾಜನೀತಿಯ ಗ್ರಂಥವೆಂದು ಅದು ಜಗತ್ತಿಗೆಲ್ಲ ಪ್ರಸಿದ್ಧ. ಆದರೆ ಅದರ ಮೂರನೆಯ ಅಧಿಕರಣದಲ್ಲಿ ನೆರೆಹೊರೆಯ ವ್ಯಾಜ್ಯಗಳ ಒಂದು ಅಧ್ಯಾಯವಿದೆ. ಬಚ್ಚಲ ನೀರು ಎಲ್ಲಿ ಹರಿಯಬೇಕು, ಸೂರು ಎಷ್ಟು ಚಾಚಬೇಕು, ಎರಡು ಮನೆಗಳ ನಡುವೆ ಎಷ್ಟು ಸಂದು ಇರಬೇಕು ಎಂಬಂಥ ವಿಷಯಗಳ ಸಾಲಿನಲ್ಲಿ ಕಿಟಕಿಯೂ ಬರುತ್ತದೆ.

ಕೌಟಿಲ್ಯನ ಮಾತಿನ ಸಾರ ಇಷ್ಟು. ಬೆಳಕಿಗಾಗಿ ಇಡುವ ಕಿಟಕಿ ಚಿಕ್ಕದಾಗಿರಬೇಕು, ಎತ್ತರದಲ್ಲಿರಬೇಕು. ಇನ್ನೊಬ್ಬರ ಮನೆಗೆ ನೇರ ಎದುರಾಗಿ ಬಾಗಿಲನ್ನೋ ಕಿಟಕಿಯನ್ನೋ ತೆರೆದು ಅವರಿಗೆ ಬಾಧೆ ಕೊಟ್ಟವನಿಗೆ ‘ಪೂರ್ವಸಾಹಸ’ದ ದಂಡ, ಅಂದರೆ 48ರಿಂದ 96 ಪಣ. ನಡುವೆ ರಾಜಮಾರ್ಗವೋ ದೊಡ್ಡ ಬೀದಿಯೋ ಇದ್ದರೆ ಮಾತ್ರ ಈ ನಿಯಮಕ್ಕೆ ವಿನಾಯಿತಿ. ಗ್ರಂಥದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕ್ರಿಸ್ತಪೂರ್ವ 4ನೆಯ ಶತಮಾನವೆಂಬುದು ಸಂಪ್ರದಾಯ. ಈಗಿನ ರೂಪಕ್ಕೆ ಬಂದದ್ದು ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಎನ್ನುವವರೂ ಇದ್ದಾರೆ. ಯಾವುದನ್ನು ಒಪ್ಪಿದರೂ ಇದು ಬಹಳ ಹಳೆಯ ತೀರ್ಮಾನ.

ಇಲ್ಲಿ ಗಮನಿಸಬೇಕಾದದ್ದು ಹೊಣೆ ಯಾರ ಮೇಲೆ ಬಿತ್ತು ಎಂಬುದನ್ನು. ಕಾಣಿಸಿಕೊಂಡವರು ಮರೆ ಕಟ್ಟಿಕೊಳ್ಳಲಿ ಎಂದು ಕೌಟಿಲ್ಯ ಹೇಳಲಿಲ್ಲ. ತೂತು ಕೊರೆದವನಿಗೆ ದಂಡ ಹಾಕಿದ. ಬೀದಿಯ ವಿನಾಯಿತಿಯೂ ವಿವೇಕದ್ದೇ. ಬೀದಿ ನಡುವೆ ಇದ್ದರೆ ದೂರವೇ ಒಂದು ಪರದೆ.

ಪರದೆ ಬೇಡದ ಮನೆ

ನಮ್ಮ ಹಳೆಯ ತೊಟ್ಟಿಮನೆಗಳನ್ನು ನೋಡಿದವರಿಗೆ ಈ ತತ್ವ ಸುಲಭವಾಗಿ ಅರ್ಥವಾಗುತ್ತದೆ. ಆ ಮನೆಗಳಲ್ಲಿ ಕಿಟಕಿಗೆ ಬಟ್ಟೆಯ ಪರದೆ ಹಾಕಿದ್ದು ಅಪರೂಪ. ಬೇಕಾಗಿರಲಿಲ್ಲ. ಮನೆಗೆ ಗಾಳಿ ಬೆಳಕು ಬರುತ್ತಿದ್ದದ್ದು ಬೀದಿಯಿಂದಲ್ಲ, ನಡುವಿನ ತೊಟ್ಟಿಯಿಂದ. ಬೀದಿಯ ಕಡೆಗೆ ದಪ್ಪ ಗೋಡೆ, ಅದರಲ್ಲಿ ಸರಳು ಹಾಕಿದ ಸಣ್ಣ ಕಿಟಕಿ. ಮನೆ ಆಕಾಶಕ್ಕೆ ತೆರೆದುಕೊಂಡಿತ್ತು, ಬೀದಿಗೆ ಬೆನ್ನು ತಿರುಗಿಸಿತ್ತು.

ಬಂದವರನ್ನು ತಡೆಯಲು ಬಾಗಿಲು ಹಾಕಬೇಕಾಗಿಯೂ ಇರಲಿಲ್ಲ. ಅಪರಿಚಿತರು ಜಗಲಿಯವರೆಗೆ, ಪರಿಚಿತರು ಪಡಸಾಲೆಯವರೆಗೆ, ನೆಂಟರು ನಡುಮನೆಯವರೆಗೆ. ಅಡುಗೆಮನೆ, ಹಿತ್ತಿಲು ಮನೆಯವರಿಗೆ. ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಹೊಸ್ತಿಲುಗಳೇ ಹೇಳುತ್ತಿದ್ದವು. ಬೀದಿಯ ಕಿಟಕಿಗಳಲ್ಲಿಯೂ ಒಂದು ಜಾಣತನವಿತ್ತು. ಎಷ್ಟೋ ಹಳೆಯ ಮನೆಗಳಲ್ಲಿ ಕಿಟಕಿಗೆ ಎರಡಲ್ಲ, ನಾಲ್ಕು ಕದಗಳು: ಕೆಳಗೆ ಎರಡು, ಮೇಲೆ ಎರಡು. ಕೆಳಗಿನ ಜೋಡಿಯನ್ನು ಮುಚ್ಚಿ ಮೇಲಿನದನ್ನು ತೆರೆದಿಟ್ಟರೆ ದಾರಿಹೋಕರ ಕಣ್ಣಿಗೆ ಮರೆಯಾಯಿತು, ಗಾಳಿ ಬೆಳಕಿಗೆ ಅಡ್ಡಿಯಿಲ್ಲ. ಕೌಟಿಲ್ಯನ ‘ಎತ್ತರದ ಚಿಕ್ಕ ಕಿಟಕಿ’ಯನ್ನು ಬಡಗಿ ಬೇಕೆಂದಾಗ ತೆರೆದು ಮುಚ್ಚುವಂತೆ ಮಾಡಿಕೊಟ್ಟಿದ್ದ.

ಮೈಸೂರು, ಬೆಂಗಳೂರುಗಳ ವಠಾರಗಳಲ್ಲಿ ಇಷ್ಟು ಅನುಕೂಲವಿರಲಿಲ್ಲ. ಒಂದೇ ಅಂಗಳದ ಸುತ್ತ ಹತ್ತಾರು ಸಂಸಾರ, ಒಂದೇ ಕೊಳಾಯಿ, ಬಾಗಿಲಿಗೆ ಬಾಗಿಲು ಎದುರು. ಅಲ್ಲಿ ಮರೆಯನ್ನು ಕಟ್ಟಿದ್ದು ನಡವಳಿಕೆ. ಗಂಡಸರು ಅಂಗಳಕ್ಕೆ ಕಾಲಿಡುವ ಮುನ್ನ ಒಮ್ಮೆ ಕೆಮ್ಮುತ್ತಿದ್ದರು. ತೆರೆದ ಬಾಗಿಲ ಮುಂದೆ ಹಾದುಹೋಗುವಾಗ ಮುಖ ಬೇರೆ ಕಡೆ ತಿರುಗಿಸುತ್ತಿದ್ದರು. ಎಲ್ಲರೂ ಹಾಗಿದ್ದರೆಂದಲ್ಲ. ಆದರೆ ಹಾಗಿರದವನನ್ನು ವಠಾರ ಗುರುತಿಟ್ಟುಕೊಳ್ಳುತ್ತಿತ್ತು.

ಆ ಕಾಲವನ್ನು ಹೊಗಳಿ ಸುಮ್ಮನಾಗುವಂತೆಯೂ ಇಲ್ಲ. ಬೀದಿಗೆ ಬೆನ್ನು ತಿರುಗಿಸಿದ ಮನೆಯ ಕತ್ತಲೆಯನ್ನು ಹೆಚ್ಚು ಉಂಡವರು ಹೆಂಗಸರು. ಅಂಗೈಯಗಲದ ಬೆಳಕಿಂಡಿಯ ಅಡುಗೆಮನೆಯಲ್ಲಿ ಹಸಿ ಸೌದೆಯ ಹೊಗೆ ಕುಡಿದು ಕಣ್ಣು ಕೆಂಪಾಗಿಸಿಕೊಂಡವರು ಅವರೇ. ಪರರ ನೋಟದಿಂದ ರಕ್ಷಣೆ ಎಂಬುದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ.

ಜಾಲಂದ್ರದ ಜಾಣ್ಮೆ

ಮುಚ್ಚದೆ ಮರೆಮಾಡುವ ಕಲೆಯಲ್ಲಿ ಎಲ್ಲಕ್ಕಿಂತ ಮುಂದೆ ಹೋದವರು ಕಲ್ಲುಕುಟಿಗರು. ಐಹೊಳೆ, ಪಟ್ಟದಕಲ್ಲುಗಳ ಚಾಲುಕ್ಯ ದೇವಾಲಯಗಳಲ್ಲಿ ಕಲ್ಲಿನ ಹಲಗೆಯನ್ನು ಕೊರೆದು ಮಾಡಿದ ಜಾಲಂದ್ರಗಳನ್ನು ಇಂದಿಗೂ ಕಾಣಬಹುದು. ಬೇಲೂರಿನ ಚೆನ್ನಕೇಶವ ದೇವಾಲಯ ಕಟ್ಟಿದ್ದು 1117ರಲ್ಲಿ. ಅದರ ನವರಂಗ ಮೊದಲು ತೆರೆದ ಮಂಟಪವಾಗಿತ್ತು. ಜಾಲಂದ್ರಗಳನ್ನು ಕೂಡಿಸಿ ಅದನ್ನು ಮರೆಮಾಡಿದ್ದು ಆಮೇಲೆ, ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಬಿಜಾಪುರದ ಇಬ್ರಾಹಿಂ ರೋಜಾದಲ್ಲಿ 17ನೆಯ ಶತಮಾನದ ಶಿಲ್ಪಿಗಳು ಅರಬ್ಬಿ ಅಕ್ಷರಗಳನ್ನೇ ಕೊರೆದು ಕಿಟಕಿಯ ಜಾಲರಿ ಮಾಡಿದರು. ಬೆಳಕು ಅಲ್ಲಿ ಅಕ್ಷರಗಳ ಸಂದಿನಿಂದ ಒಳಗೆ ಬರುತ್ತದೆ.

ಜಾಲರಿಯನ್ನು ಮನೆಯ ಮರೆಗಾಗಿ ಬಳಸಿದ್ದಕ್ಕೆ ದೊಡ್ಡ ಉದಾಹರಣೆ ಜೈಪುರದ ಹವಾಮಹಲು. ಸವಾಯಿ ಪ್ರತಾಪಸಿಂಹ 1799ರಲ್ಲಿ ಕಟ್ಟಿಸಿದ ಈ ಐದಂತಸ್ತಿನ ಮುಖದಲ್ಲಿ 953 ಕಿಟಕಿಗಳಿವೆ. ಅರಮನೆಯ ಹೆಂಗಸರು ಬೀದಿಯ ಮೆರವಣಿಗೆಯನ್ನು ನೋಡಬೇಕು, ಬೀದಿಯವರು ಅವರನ್ನು ನೋಡಬಾರದು ಎಂಬುದು ಅದರ ಉದ್ದೇಶ. ಕೈರೋ ನಗರದ ಹಳೆಯ ಮನೆಗಳಿಗೆ ‘ಮಶ್ರಬೀಯ’ ಎಂಬ ಮರದ ಜಾಲರಿಯ ಚಾಚುಕಿಟಕಿಗಳಿವೆ. ಆ ಹೆಸರಿಗೆ ‘ಕುಡಿಯುವುದು’ ಎಂಬ ಅರ್ಥದ ನಂಟಿದೆ. ಜಾಲರಿಯ ಗಾಳಿಗೆ ನೀರಿನ ಮಡಕೆಗಳನ್ನು ಇಟ್ಟು ತಣ್ಣಗೆ ಮಾಡುತ್ತಿದ್ದರು. ಗೋವೆಯವರು ಬೇರೆ ದಾರಿ ಹಿಡಿದರು. ಸಮುದ್ರದ ಒಂದು ಬಗೆಯ ಚಪ್ಪಟೆ ಚಿಪ್ಪನ್ನು ತೆಳ್ಳಗೆ ಚೌಕವಾಗಿ ಕತ್ತರಿಸಿ ಮರದ ಚೌಕಟ್ಟಿಗೆ ಕೂಡಿಸಿದರು. ಅದರೊಳಗಿಂದ ಹಾಲಿನಂಥ ಬೆಳಕು ಬರುತ್ತದೆ, ರೂಪ ಕಾಣುವುದಿಲ್ಲ.

ಒಳಗಿನವರಿಗೆ ಹೊರಗೆ ಕಾಣುತ್ತದೆ, ಹೊರಗಿನವರಿಗೆ ಒಳಗೆ ಕಾಣುವುದಿಲ್ಲ. ಇದರಲ್ಲಿ ಮಾಯೆಯೇನೂ ಇಲ್ಲ. ಬಿಸಿಲಿನ ಬೀದಿಯ ಬೆಳಕು ಕೋಣೆಯೊಳಗಿನ ಬೆಳಕಿಗಿಂತ ನೂರಾರು ಪಟ್ಟು ಹೆಚ್ಚು. ಬೀದಿಯಲ್ಲಿ ನಿಂತವನ ಕಣ್ಣು ಆ ಬೆಳಕಿಗೆ ಹೊಂದಿಕೊಂಡಿರುತ್ತದೆ. ಅವನಿಗೆ ಜಾಲರಿಯ ಹೊರಮೈ ಥಳಥಳ ಹೊಳೆಯುತ್ತದೆ, ತೂತುಗಳು ಬರಿ ಕಪ್ಪು ಚುಕ್ಕೆಗಳು. ಒಳಗೆ ಜಾಲರಿಗೆ ಮುಖವಿಟ್ಟು ನಿಂತವಳಿಗೆ ಆ ತೂತುಗಳಿಂದ ಇಡೀ ಬೀದಿ ಕಾಣುತ್ತದೆ. ಕಲ್ಲು ದಪ್ಪವಾದಷ್ಟೂ ಓರೆಯಿಂದ ನೋಡುವವರಿಗೆ ಇನ್ನಷ್ಟು ಅಡ್ಡಿ. ಅಂದರೆ ಇಲ್ಲಿ ಮರೆಮಾಡುವುದು ಕಲ್ಲಲ್ಲ, ಒಳಗಿನ ಕತ್ತಲೆ.

ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಇಂದಿನ ಪರದೆಗಳ ಅರ್ಧ ಶಾಸ್ತ್ರ ತಿಳಿದಂತೆ. ಯಾವ ಕಡೆ ಬೆಳಕು ಕಡಿಮೆಯೋ ಆ ಕಡೆಯವರಿಗೆ ಕಾಣುತ್ತದೆ. ಹಗಲು ಅದು ಮನೆಯೊಳಗಿನವರ ಕಡೆ. ವಿದ್ಯುದ್ದೀಪ ಹೊತ್ತಿಸಿದ ಕ್ಷಣ ಲೆಕ್ಕ ತಿರುವುಮುರುವು. ಜಾಲರಿ ಮನೆಗಳ ಕಾಲದಲ್ಲಿ ಎಣ್ಣೆದೀಪದ ಮಂದ ಬೆಳಕಿತ್ತು. ರಾತ್ರಿಯ ತಾಪತ್ರಯ ಅಷ್ಟಿರಲಿಲ್ಲ.

ಒಳಹೊರಗಾದ ಮನೆ

ಬ್ರಿಟಿಷರ ಬಂಗಲೆ ನಮ್ಮ ಮನೆಯನ್ನು ಒಳಹೊರಗು ಮಾಡಿತು. ತೊಟ್ಟಿ ಹೋಯಿತು. ಮನೆಯ ಸುತ್ತ ಕಾಂಪೌಂಡು ಬಂತು, ದೊಡ್ಡ ಕಿಟಕಿಗಳು ಹೊರಗಿನ ತೋಟವನ್ನು ನೋಡತೊಡಗಿದವು. 1809ರಲ್ಲಿ ನೆಲೆಗೊಂಡ ಬೆಂಗಳೂರು ದಂಡಿನ ಬಂಗಲೆಗಳಲ್ಲಿ ಕಿಟಕಿಯ ಮೇಲೆ ಚೂಪಾದ ಮರದ ‘ಮಂಕಿ ಟಾಪ್’, ವರಾಂಡಕ್ಕೆ ಪಟ್ಟಿಗಳ ಜಾಲರಿ. ಬಿಸಿಲಿಗೆ ಸೀಳುಬಿದಿರಿನ ಚಿಕ್. ಉತ್ತರದ ಬಿರುಬೇಸಗೆಯ ಬಂಗಲೆಗಳಲ್ಲಿ ಲಾವಂಚದ ತಟ್ಟಿಗೆ ನೀರು ಚಿಮುಕಿಸಿ ಗಾಳಿಯನ್ನು ತಂಪು ಮಾಡುತ್ತಿದ್ದರು. ಚಿಕ್ಕೂ ತಟ್ಟಿಯೂ ನಮ್ಮವೇ. ಬಂಗಲೆ ಅವನ್ನು ಎರವಲು ಪಡೆಯಿತು. ಅಲ್ಲಿಯೂ ಬಟ್ಟೆಯ ಪರದೆ ಅಷ್ಟು ಅಗತ್ಯವಿರಲಿಲ್ಲ. ನಡುವಿನ ತೋಟವೇ ಮರೆ. ಕೌಟಿಲ್ಯನ ರಾಜಮಾರ್ಗದ ವಿನಾಯಿತಿ ಇಲ್ಲಿಯೂ ಹೊಂದುತ್ತಿತ್ತು.

ಕಿಟಕಿಗೆ ಬಟ್ಟೆ ತೊಡಿಸುವ ಚಟ ಬೆಳೆದದ್ದು ಗಾಜಿನ ನಾಡುಗಳಲ್ಲಿ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳ ಲೆಕ್ಕದ ಮೇಲೆ ತೆರಿಗೆಯಿತ್ತು. ತೆರಿಗೆ ತಪ್ಪಿಸಿಕೊಳ್ಳಲು ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿದ ಮನೆಗಳು ಅಲ್ಲಿ ಇಂದಿಗೂ ಉಳಿದಿವೆ. ಗಾಜಿನ ಮೇಲಿನ ಸುಂಕ 1845ರಲ್ಲಿ, ಕಿಟಕಿ ತೆರಿಗೆ 1851ರಲ್ಲಿ ರದ್ದಾದ ಮೇಲೆ ಸಾಮಾನ್ಯರ ಮನೆಗೂ ದೊಡ್ಡ ಗಾಜು ಬಂತು. ಅದೇ ಹೊತ್ತಿಗೆ, 1840ರ ದಶಕದಲ್ಲಿ, ನಾಟಿಂಗ್‌ಹ್ಯಾಮಿನ ಯಂತ್ರಗಳು ಜಾಲರಿ ಪರದೆಯನ್ನು ಅಗ್ಗವಾಗಿ ನೇಯತೊಡಗಿದವು. ಬೀದಿಗಂಟಿದ ಸಾಲುಮನೆಗಳ ಕೂಲಿಕಾರರಿಗೂ ಕಿಟಕಿಗೊಂದು ಬಿಳಿಯ ಜಾಲರಿ ಗೌರವದ ಗುರುತಾಯಿತು. ಪಟ್ಟಿಗಳನ್ನು ಹೊರಳಿಸುವ ವೆನಿಷಿಯನ್ ಬ್ಲೈಂಡಿಗೆ ಲಂಡನ್ನಿನಲ್ಲಿ 1769ರಷ್ಟು ಹಿಂದೆಯೇ ಪೇಟೆಂಟ್ ಸಿಕ್ಕಿತ್ತು.

ಇದಕ್ಕೆ ತದ್ವಿರುದ್ಧವಾದದ್ದು ಹಾಲೆಂಡ್. ಅಲ್ಲಿನ ಊರುಗಳಲ್ಲಿ ಬೀದಿಬದಿಯ ದೊಡ್ಡ ಕಿಟಕಿಗೆ ಸಂಜೆಯೂ ಪರದೆ ಎಳೆಯದ ಮನೆಗಳು ಎಷ್ಟೋ. ದಾರಿಹೋಕರು ಒಳಗೆ ಕಣ್ಣು ನೆಡದೆ ಮುಂದೆ ಹೋಗುವುದೂ ಅಲ್ಲಿನ ರೂಢಿಯೇ. ನಮ್ಮ ವಠಾರದವರು ಮುಖ ತಿರುಗಿಸುತ್ತಿದ್ದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ನಮ್ಮ ನಗರಗಳಲ್ಲಿ ಆಮೇಲೆ ಆದದ್ದು ಎಲ್ಲರ ಕಣ್ಣೆದುರಿಗಿದೆ. ಬಂಗಲೆಯ ಕಿಟಕಿ ಉಳಿಯಿತು, ಅದರ ತೋಟ ಹೋಯಿತು. ಮೂವತ್ತು ನಲವತ್ತರ ಸೈಟಿನಲ್ಲಿ ಮೂರಂತಸ್ತು ಎದ್ದಿತು. ಒಬ್ಬರ ಮಲಗುವ ಕೋಣೆಯ ಕಿಟಕಿಗೂ ಇನ್ನೊಬ್ಬರ ಅಡುಗೆಮನೆಯ ಕಿಟಕಿಗೂ ನಡುವೆ ಕೆಲವೇ ಅಡಿ. ಒಗ್ಗರಣೆಯ ವಾಸನೆ ಆ ಮನೆಯಿಂದ ಈ ಮನೆಗೆ, ಈ ಮನೆಯ ಜಗಳ ಆ ಮನೆಗೆ. ತೊಟ್ಟಿ, ಜಗಲಿ, ತೋಟ ಒಂದೊಂದಾಗಿ ಕಳಚಿಹೋದ ಮೇಲೆ ಅವೆಲ್ಲ ಮಾಡುತ್ತಿದ್ದ ಕೆಲಸ ಒಂದು ಸ್ಪ್ರಿಂಗು ತಂತಿಗೆ ನೇತುಬಿದ್ದ ಎರಡು ಗಜ ಬಟ್ಟೆಯ ಪಾಲಿಗೆ ಬಂತು.

ನ್ಯಾಯಾಲಯದಲ್ಲಿ ಕಿಟಕಿ

ಮನೆ ಬದಲಾದಂತೆ ಕಾನೂನಿನಲ್ಲಿಯೂ ಎರಡು ದಾರಿಗಳು ಕಂಡವು. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1865ರಲ್ಲಿ ಟ್ಯಾಪ್ಲಿಂಗ್ ಮೊಕದ್ದಮೆಯಲ್ಲಿ ತನ್ನ ನಾಡಿನ ನಿಯಮವನ್ನು ಸ್ಪಷ್ಟಪಡಿಸಿತು. ಕಿಟಕಿ ತೆರೆದು ಪಕ್ಕದವರ ಏಕಾಂತಕ್ಕೆ ಭಂಗ ತರುವುದಕ್ಕೆ ಕಾನೂನಿನಲ್ಲಿ ಪರಿಹಾರವಿಲ್ಲ. ಬೇಡವಾದರೆ ನಿಮ್ಮ ಜಾಗದಲ್ಲಿ ನೀವೇ ಏನಾದರೂ ಕಟ್ಟಿ ಮರೆಮಾಡಿಕೊಳ್ಳಬಹುದು.

ಅದೇ ಬ್ರಿಟಿಷರು ಭಾರತದಲ್ಲಿ 1882ರ ಈಸ್‌ಮೆಂಟ್ ಕಾಯಿದೆ ಬರೆಯುವಾಗ ಬೇರೆ ಮಾತು ಹೇಳಬೇಕಾಯಿತು. ಇಲ್ಲಿನ ರೂಢಿ ಬೇರೆಯಿತ್ತು. ಕಾಯಿದೆಯ 18ನೆಯ ಕಲಮು ಪದ್ಧತಿಯಿಂದ ಬಂದ ಹಕ್ಕುಗಳನ್ನು ಕುರಿತದ್ದು. ಅದಕ್ಕೆ ಕೊಟ್ಟ ಒಂದು ಉದಾಹರಣೆ ಕಿಟಕಿಯದೇ. ನೆರೆಮನೆಯ ಏಕಾಂತಕ್ಕೆ ಭಂಗವಾಗುವಂತೆ ಹೊಸ ಕಿಟಕಿ ತೆರೆಯಬಾರದೆಂಬ ಪದ್ಧತಿ ಒಂದು ಊರಿನಲ್ಲಿದ್ದರೆ, ಅಲ್ಲಿ ಮನೆ ಕಟ್ಟಿದವನಿಗೆ ಪಕ್ಕದವನನ್ನು ತಡೆಯುವ ಹಕ್ಕು ಬರುತ್ತದೆ. ಪಕ್ಕದವನಿಗೂ ಇವನ ಮೇಲೆ ಅಂಥದೇ ಹಕ್ಕು. ಈ ಕಾಯಿದೆ ಮೊದಲು ಜಾರಿಯಾದದ್ದು ಮದ್ರಾಸ್, ಮಧ್ಯಪ್ರಾಂತ ಮತ್ತು ಕೊಡಗಿನಲ್ಲಿ. ಮದ್ರಾಸಿನೊಡನೆ ನಮ್ಮ ದಕ್ಷಿಣ ಕನ್ನಡಕ್ಕೂ ಬಂತು. ಆದರೆ ಅಂಥ ಪದ್ಧತಿ ತನ್ನ ಊರಿನಲ್ಲಿದೆ ಎಂದು ಸಾಬೀತು ಮಾಡುವ ಹೊರೆ ದೂರು ಕೊಟ್ಟವರದ್ದೇ.

1888ರಲ್ಲಿ ಅಲಹಾಬಾದ್ ಹೈಕೋರ್ಟಿನ ಮುಂದೆ ಅಂಥ ದೂರೊಂದು ಬಂತು. ಪಕ್ಕದವರು ಹೊಸದಾಗಿ ಕಟ್ಟಿದ ಮನೆಯ ವರಾಂಡ ಮತ್ತು ಬಾಗಿಲುಗಳಿಂದ ತಮ್ಮ ಮನೆಯ ಹೆಂಗಸರಿರುವ ಭಾಗ ಕಾಣುತ್ತದೆ ಎಂಬುದು ಆಕ್ಷೇಪಣೆ. ಮುಖ್ಯ ನ್ಯಾಯಮೂರ್ತಿ ಜಾನ್ ಎಡ್ಜ್ ಆ ಪ್ರಾಂತದಲ್ಲಿ ಏಕಾಂತದ ಹಕ್ಕು ಪದ್ಧತಿಯಿಂದಲೇ ಇದೆ, ಅದಕ್ಕೆ ಭಂಗ ತಂದರೆ ದಾವೆ ಹೂಡಬಹುದು ಎಂದು ಎತ್ತಿಹಿಡಿದರು. ಗುಜರಾತಿನ ಇಂಥ ಪದ್ಧತಿಯನ್ನು ಮುಂಬಯಿ ಹೈಕೋರ್ಟು ಮೊದಲೇ ಮನ್ನಿಸಿತ್ತು. ಕೌಟಿಲ್ಯನ ದಂಡದ ಹಿಂದಿದ್ದ ವಿಚಾರ ಹೀಗೆ ಇಂಗ್ಲಿಷ್ ತೀರ್ಪುಗಳಲ್ಲಿ ಮತ್ತೆ ಕಾಣಿಸಿತು.

ಇದರಲ್ಲಿ ಒಂದು ಕೊರತೆಯೂ ಇತ್ತು. ಆ ತೀರ್ಪುಗಳು ಕಾಪಾಡಿದ್ದು ಘೋಷಾ ಪದ್ಧತಿಯನ್ನು, ಮನೆತನದ ಮರ್ಯಾದೆಯನ್ನು. ಒಳಗಿದ್ದ ಹೆಣ್ಣಿಗೆ ತನ್ನದೇ ಒಂದು ಏಕಾಂತವಿದೆ, ಅದು ಮನೆಯವರ ವಿರುದ್ಧವೂ ಇರಬಹುದು ಎಂಬ ವಿಚಾರ ಅಲ್ಲಿರಲಿಲ್ಲ. ಏಕಾಂತ ಗೋಡೆಯ ಗುಣವಾಗಿತ್ತು, ಮನುಷ್ಯರ ಹಕ್ಕಾಗಿರಲಿಲ್ಲ.

ಆ ಹೆಜ್ಜೆ ಇಟ್ಟದ್ದು ಬಹಳ ತಡವಾಗಿ, ಅದರಲ್ಲಿ ಕನ್ನಡಿಗರೊಬ್ಬರ ಹೆಸರು ಉಳಿದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಪುಟ್ಟಸ್ವಾಮಿ ಅವರು 2024ರ ಅಕ್ಟೋಬರಿನಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಹಕ್ಕು ಮುಖ್ಯವಾಗಿ ಸರ್ಕಾರದ ಎದುರಿನದು; ಪಕ್ಕದ ಮನೆಯ ಕಿಟಕಿಯನ್ನು ಅದು ನೇರವಾಗಿ ಮುಚ್ಚಿಸುವುದಿಲ್ಲ. ಕದ್ದು ನೋಡುವವನಿಗೆ ಬೇರೆ ಕಾನೂನಿದೆ. ಖಾಸಗಿ ಕ್ಷಣದಲ್ಲಿರುವ ಹೆಣ್ಣನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು 2013ರಲ್ಲಿ ದಂಡಸಂಹಿತೆಗೆ ಪ್ರತ್ಯೇಕ ಅಪರಾಧವಾಗಿ ಸೇರಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮು. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಸೆರೆವಾಸ.

ಇನ್ನು ಲಂಡನ್ನಿನ ಕಥೆ. ಅಲ್ಲಿನ ಟೇಟ್ ಮಾಡರ್ನ್ ಕಲಾಸಂಗ್ರಹಾಲಯ 2016ರಲ್ಲಿ ತನ್ನ ಹೊಸ ಕಟ್ಟಡದ ಹತ್ತನೆಯ ಅಂತಸ್ತಿನಲ್ಲಿ ಸುತ್ತಲೂ ನೋಡುವ ಮೊಗಸಾಲೆಯೊಂದನ್ನು ತೆರೆಯಿತು. ವರ್ಷಕ್ಕೆ ಐದಾರು ಲಕ್ಷ ಜನ ಅಲ್ಲಿಗೆ ಬರುತ್ತಿದ್ದರು. ಎದುರಿಗೆ, ಮೂವತ್ತು ನಲವತ್ತು ಮೀಟರು ದೂರದಲ್ಲಿ, ಗಾಜಿನ ಗೋಡೆಯ ಮನೆಗಳು. ಬಂದವರು ಆ ಮನೆಗಳತ್ತ ಕಣ್ಣು ಹಾಯಿಸಿದರು, ಚಿತ್ರ ತೆಗೆದರು. ನಾಲ್ಕು ಮನೆಗಳವರು ದಾವೆ ಹೂಡಿದರು. ಗಾಜಿನ ಮನೆ ಕೊಂಡವರು ನೀವು, ಬ್ಲೈಂಡು ಇಳಿಸಿಕೊಳ್ಳಿ, ಜಾಲರಿ ಪರದೆ ಹಾಕಿಕೊಳ್ಳಿ ಎಂಬ ಧಾಟಿಯಲ್ಲಿ 2019ರಲ್ಲಿ ಕೆಳಗಿನ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. 2023ರ ಫೆಬ್ರವರಿ 1ರಂದು ಅಲ್ಲಿನ ಸುಪ್ರೀಂ ಕೋರ್ಟು, ಮೂವರು ಒಂದು ಕಡೆ ಇಬ್ಬರು ಇನ್ನೊಂದು ಕಡೆಯಾಗಿ, ಆ ತೀರ್ಪನ್ನು ತಿರುಗಿಸಿತು. ಮೃಗಾಲಯದಲ್ಲಿ ಪ್ರದರ್ಶನಕ್ಕಿಟ್ಟಂತೆ ಬದುಕುವುದು ಯಾರಿಗಾದರೂ ಹಿಂಸೆಯೇ; ಹಿಂಸೆ ಕೊಡುವವರನ್ನು ಬಿಟ್ಟು ಅನುಭವಿಸುವವರಿಗೆ ಪರದೆ ಹಾಕಿಕೊಳ್ಳಿ ಎನ್ನುವುದು ಸರಿಯಲ್ಲ ಎಂಬುದು ಬಹುಮತದ ಅಭಿಪ್ರಾಯ. ನೆರೆಯವರ ಕಿಟಕಿಯಿಂದ ಸಹಜವಾಗಿ ಕಣ್ಣಿಗೆ ಬೀಳುವುದು ಅಪರಾಧವಲ್ಲ ಎಂಬುದನ್ನೂ ಅದು ಉಳಿಸಿಕೊಂಡಿತು. ಆದರೂ ಪರದೆ ಹಾಕಬೇಕಾದವರು ಯಾರು ಎಂಬ ಪ್ರಶ್ನೆಗೆ ಇಂಗ್ಲೆಂಡ್ ಇಲ್ಲಿ ಕೌಟಿಲ್ಯನ ಹತ್ತಿರಕ್ಕೆ ಬಂತೆನ್ನಬಹುದು.

ಹಾಗಾದರೆ ಯಾವ ಪರದೆ?

ನ್ಯಾಯಾಲಯಕ್ಕೆ ಹೋಗುವಷ್ಟು ದುಡ್ಡೂ ಆಯುಸ್ಸೂ ಎಲ್ಲರಿಗಿಲ್ಲ. ಸಂಜೆಗೆ ಪರದೆಯಂತೂ ಬೇಕು. ಹಿಂದಿನವರ ಅನುಭವವೇ ಇಲ್ಲಿ ಒಳ್ಳೆಯ ಗುರು.

ಮೊದಲು ಕೇಳಿಕೊಳ್ಳಬೇಕಾದದ್ದು, ನೋಟ ಎಲ್ಲಿಂದ ಬರುತ್ತದೆ ಎಂದು. ನೆಲಮಟ್ಟದ ಬೀದಿಯಿಂದಾದರೆ ಕಿಟಕಿಯ ಕೆಳಗಿನ ಅರ್ಧಕ್ಕೆ ಪರದೆ ಸಾಕು. ಸ್ಪ್ರಿಂಗು ತಂತಿಯ ಅರ್ಧ ಪರದೆ ಬಡವರ ಮನೆಯದೆಂದು ಮೂಗು ಮುರಿಯುವವರಿದ್ದಾರೆ. ಅದು ಹಳೆಯ ನಾಲ್ಕು ಕದದ ಕಿಟಕಿಯ ನೇರ ವಾರಸುದಾರ. ಗಾಳಿ ಬೆಳಕನ್ನು ಬಿಟ್ಟುಕೊಡದೆ ಮರೆ ಕೊಡುವ ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ. ನೋಟ ಎದುರಿನ ಮಹಡಿಯಿಂದ ಬರುವುದಾದರೆ ಅರ್ಧ ಪರದೆಯಿಂದ ಉಪಯೋಗವಿಲ್ಲ. ಆಗ ಪಟ್ಟಿಗಳ ಬ್ಲೈಂಡು ಒಳ್ಳೆಯದು. ಪಟ್ಟಿಗಳನ್ನು ಮನೆಯ ಸೂರಿನಂತೆ ಹೊರಕ್ಕೆ ಇಳಿಜಾರಾಗಿ ತಿರುಗಿಸಿದರೆ ಮೇಲಿನಿಂದ ನೋಡುವವರಿಗೆ ತಡೆ, ಗಾಳಿಗೆ ದಾರಿ.

ಎರಡನೆಯದು ಹೊತ್ತು. ತೆಳುವಾದ ಜಾಲರಿ ಬಟ್ಟೆ, ಬಿದಿರಿನ ಚಿಕ್, ಗಾಜಿಗೆ ಅಂಟಿಸುವ ಕನ್ನಡಿಯಂಥ ಹಾಳೆ ಇವೆಲ್ಲ ಜಾಲಂದ್ರದ ಸಂತತಿ. ಹಗಲು ಕಾಯುತ್ತವೆ, ದೀಪ ಹಾಕಿದ ಮೇಲೆ ಕೈಕೊಡುತ್ತವೆ. ಮಲಗುವ ಕೋಣೆಗೆ ಇವುಗಳ ಹಿಂದೆ ಇನ್ನೊಂದು ದಪ್ಪ ಪರದೆ ಬೇಕೇ ಬೇಕು. ಬಚ್ಚಲಿಗೆ ಗೋವೆಯ ಚಿಪ್ಪಿನ ತತ್ವದ ಮಂಜುಗಾಜು ಹಗಲಿಗೂ ರಾತ್ರಿಗೂ ಸಲ್ಲುತ್ತದೆ. ಆದರೆ ಮಂಜುಗಾಜಿನ ತೀರ ಹತ್ತಿರ ನಿಂತರೆ ಆಕೃತಿ ಮೂಡುತ್ತದೆ. ಪರದೆಯ ಎದುರು ಬೆನ್ನ ಹಿಂದೆ ದೀಪವಿಟ್ಟುಕೊಂಡು ನಿಂತರೂ ನೆರಳಾಟ ತಪ್ಪಿದ್ದಲ್ಲ. ಪರೀಕ್ಷೆ ಸುಲಭ: ರಾತ್ರಿ ದೀಪ ಹಾಕಿ, ಒಬ್ಬರನ್ನು ಒಳಗೆ ನಿಲ್ಲಿಸಿ, ಹೊರಗೆ ಹೋಗಿ ನೋಡುವುದು.

ಮೂರನೆಯದು ಗಾಳಿ. ಪರರ ನೋಟಕ್ಕೆ ಹೆದರಿ ಸದಾ ಕಿಟಕಿ ಮುಚ್ಚಿಟ್ಟ ಮನೆಯಲ್ಲಿ ಸೆಕೆಯನ್ನೂ ಹೊಗೆಯನ್ನೂ ಹೆಚ್ಚಾಗಿ ಅನುಭವಿಸುವವರು ದಿನವಿಡೀ ಒಳಗಿರುವವರು. ಹಳೆಯ ಅಡುಗೆಮನೆಯ ತಪ್ಪನ್ನು ಹೊಸ ಫ್ಲ್ಯಾಟಿನಲ್ಲಿ ಮತ್ತೆ ಮಾಡಬಾರದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬ್ಲೈಂಡಿನ ಜೋಲುದಾರಗಳನ್ನು ಕೈಗೆಟುಕದಂತೆ ಎತ್ತಿ ಕಟ್ಟಬೇಕು. ಅದು ಕುತ್ತಿಗೆಗೆ ಸುತ್ತಿಕೊಂಡು ಅನಾಹುತಗಳಾದದ್ದುಂಟು.

ನಾಲ್ಕನೆಯದು ಪರದೆ ಕೊಳ್ಳುವವರಿಗಲ್ಲ, ಮನೆ ಕಟ್ಟುವವರಿಗೆ. ನಕ್ಷೆಯಲ್ಲಿ ಕಿಟಕಿ ಗುರುತು ಮಾಡುವಾಗ ನಾವು ನೋಡುವುದು ವಾಸ್ತು, ಬೆಳಕು, ಮಂಚ ಹಾಕುವ ಜಾಗ. ಗೋಡೆ ಮೊಣಕಾಲೆತ್ತರಕ್ಕೆ ಬಂದ ದಿನ, ಗಾರೆಯವನು ಕಿಟಕಿಗೆ ಜಾಗ ಬಿಡುವ ಮೊದಲು, ಅಲ್ಲಿ ಒಮ್ಮೆ ನಿಂತು ಆಚೆ ಏನಿದೆ ಎಂದು ನೋಡಬೇಕು. ಪಕ್ಕದವರ ಬಚ್ಚಲು ಕಂಡರೆ ಕಿಟಕಿಯನ್ನು ಎರಡಡಿ ಪಕ್ಕಕ್ಕೆ ಸರಿಸುವುದಕ್ಕೋ ಎತ್ತರಕ್ಕೆ ಏರಿಸುವುದಕ್ಕೋ ಆಗ ಖರ್ಚೇನೂ ಇಲ್ಲ. ದಂಡ ಹಾಕುವ ಕೌಟಿಲ್ಯನೂ ಬೇಕಾಗಿಲ್ಲ. ಆ ಕಡೆಯ ಮನೆಯವರು ಸಂಜೆ ದೀಪ ಹಾಕಿ, ಹಳೆಯ ಸೀರೆ ಹುಡುಕದೆ, ಕಿಟಕಿ ತೆರೆದಿಟ್ಟುಕೊಂಡು ಗಾಳಿಗೆ ಕೂತಿರುತ್ತಾರೆ.